ಭಾಗವೆಂಬ ಒಂದು ಮಾತಿಗೆ ಇಂಗ್ಲಿಷಿನ ಏಳು ಮಾತು

ಮಾಘ ಶುದ್ಧ ಪಂಚಮಿ, ಗುರುವಾರ. ಬೆಳಿಗ್ಗೆ ಏಳೂಕಾಲಿಗೆ ಈ ಪತ್ರಿಕೆಗೆಂದು ಬರೆಯಲು ಕುಳಿತೆ. ಶಾಲೆಗೆ ಹೊರಡಲು ಇನ್ನೂ ಎರಡೂವರೆ ಗಂಟೆ ಇದೆ.

ನಾನು ಹೊಳಲ್ಕೆರೆಯಲ್ಲಿ ಮಕ್ಕಳಿಗೆ ಪಾಠ ಹೇಳುವವನು. ಚಿತ್ರದುರ್ಗದಲ್ಲಿ ಓದುವಾಗ ಬಹುಮಾನವಾಗಿ ಬಂದ ಇಂಗ್ಲಿಷ್–ಕನ್ನಡ ಕೋಶವೊಂದು ನನ್ನಲ್ಲಿದೆ. ಅದರಿಂದ ದಿನಕ್ಕೆ ಐದು ಮಾತು ಕಲಿತು ದಿನಚರಿಯಲ್ಲಿ ಗುರುತು ಹಾಕುತ್ತೇನೆ. ಹೋದ ವರ್ಷದ ಪುಷ್ಯ ಮಾಸದ ಹೊತ್ತಿಗೆ ಎಂಟುನೂರ ಹತ್ತು ಮಾತು ಆಗಿದ್ದವು. ನನಗೆ ಇಂಗ್ಲಿಷು ಬರುತ್ತದೆ ಎಂದು ನೆಂಟರಿಷ್ಟರೆಲ್ಲ ನಂಬಿದ್ದರು. ನಾನೂ ನಂಬಿದ್ದೆ.

ಆ ಪುಷ್ಯ ಬಹುಳ ಸಪ್ತಮಿಯಂದು ಅಕ್ಕನ ಊರಿನಿಂದ ನನ್ನನ್ನು ಕರೆಯಲು ಆಳು ಬಂದ. ಅಕ್ಕನನ್ನು ಕೊಟ್ಟಿರುವುದು ಹಿರಿಯೂರಿನ ಕಡೆಯ ಒಂದು ಹಳ್ಳಿಗೆ. ಕಣಿವೆಯ ಅಣೆಕಟ್ಟಿನ ಕಾಲುವೆ ನೀರು ಹರಿದ ಮೇಲೆ ಭಾವ ಮೊದಲ ಸಲ ಕಬ್ಬು ಹಾಕಿದ್ದರು. ಅರೆಯುವುದಕ್ಕೆ ಕಬ್ಬಿಣದ ಗಾಣ ತರಿಸಿದ್ದರು. ಅದು ಎರಡು ಪೆಟ್ಟಿಗೆಯಲ್ಲಿ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಇಳಿದು ಗಾಡಿಯ ಮೇಲೆ ಹಳ್ಳಿಗೆ ಬಂದಿತ್ತು, ಬಿಡಿಬಿಡಿಯಾಗಿ. ಜೋಡಿಸುವ ವಿವರವೆಲ್ಲ ಇಂಗ್ಲಿಷ್ ಕಾಗದದಲ್ಲಿತ್ತು. ಚಿತ್ರವಿರಬೇಕಾದ ಹಾಳೆ ಮಾತ್ರ ಪೆಟ್ಟಿಗೆಯಲ್ಲಿ ಇರಲಿಲ್ಲ.

ಎರಡು ದಿನ ಗಾಡಿಯಲ್ಲಿ ಕೂತು, ನವಮಿಯ ಮಧ್ಯಾಹ್ನ ತಲುಪಿದೆ. ಆಲೆಮನೆಯ ಮುಂದೆ ಕಡಿದ ಕಬ್ಬಿನ ರಾಶಿ ಬಿದ್ದಿತ್ತು.

"ಏನ್ ಭಾವ, ಆಗಲೇ ಕಡಿಸಿಬಿಟ್ರಾ?"

"ಇವತ್ತು ಬೆಳಿಗ್ಗೆ ಕಡಿಸ್ದೆ. ನೀನು ಬರ್ತೀಯಲ್ಲಪ್ಪ, ಇನ್ನೇನು?"

"ನಿಮ್ಮಜ್ಜನ ಕಾಲದ ಹಳೇ ಮರದ ಗಾಣ ಐತಲ್ಲ?"

"ಅದನ್ನ ಒಲೆಗೆ ಸೌದೆ ಮಾಡ್ಸಿದೀನಿ," ಎಂದರು ಭಾವ, ಬಹಳ ಹೆಮ್ಮೆಯಿಂದ.

ಕಡಿದ ಕಬ್ಬು ಮೂರನೆಯ ದಿನಕ್ಕೆ ಹುಳಿಯತೊಡಗುತ್ತದೆ. ಹುಳಿತ ಹಾಲು ಎಷ್ಟು ಕಾಸಿದರೂ ಬೆಲ್ಲವಾಗಿ ನಿಲ್ಲುವುದಿಲ್ಲ. ಭಾವನ ಮೊದಲ ಬೆಳೆ ನನ್ನ ಎಂಟುನೂರ ಹತ್ತು ಮಾತಿನ ಮೇಲೆ ನಿಂತಿತ್ತು.

ಸಗಣಿ ಸಾರಿಸಿದ ಕಣದಲ್ಲಿ ಎಲ್ಲವನ್ನೂ ಹರವಿಸಿ ಎಣಿಸಿದೆ. ನಲವತ್ತಮೂರು. ಕಾಗದದಲ್ಲೂ ನಲವತ್ತಮೂರು. ಅಲ್ಲಿಯವರೆಗೆ ಸರಿ. ಆದರೆ ಆ ಕಾಗದ ಒಂದೊಂದು ಸಾಲಿಗೆ ಒಂದೊಂದು ಮಾತು ಹಾಕಿತ್ತು: ಪಾರ್ಟ್, ಪೀಸ್, ಮೆಂಬರ್, ಸೆಕ್ಷನ್, ಪೋರ್ಷನ್, ಫಿಟ್ಟಿಂಗ್, ಕಾಂಪೊನೆಂಟ್. ಕೋಶ ತೆಗೆದೆ. ಏಳಕ್ಕೂ ಅರ್ಥವೆಂದು ಸಿಕ್ಕಿದ್ದು ಮುಖ್ಯವಾಗಿ ಒಂದೇ ಮಾತು: ಭಾಗ. ಅದನ್ನೇ ಏಳು ಸಲ ಬರೆದುಕೊಂಡು ಸುಮ್ಮನೆ ನೋಡುತ್ತ ಕುಳಿತೆ.

ಆದರೂ ಸಂಜೆಯವರೆಗೆ ಬಿಡಲಿಲ್ಲ. ಉದ್ದ ಅಳೆದು, ತೂತು ಎಣಿಸಿ, ಕಾಗದದ ಅಳತೆಗೆ ತಾಳೆ ನೋಡಿ, ಒಂದೊಂದರ ಮೇಲೂ ಸುಣ್ಣದಲ್ಲಿ ಅಂಕಿ ಬರೆದೆ. ಮೂವತ್ತಾರಕ್ಕೆ ನಂಬರು ಬಿತ್ತು. ಉಳಿದ ಏಳನ್ನು ಬೆಳಿಗ್ಗೆ ನೋಡೋಣವೆಂದು ಎದ್ದೆ.

ದಶಮಿಯ ಬೆಳಿಗ್ಗೆ ಆರೂವರೆಗೆ ಕಣಕ್ಕೆ ಹೋದರೆ ಅಕ್ಕನ ಅತ್ತೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಬಿಸಿನೀರು, ಸೀಗೆಪುಡಿ, ತೆಂಗಿನ ನಾರು. ನಲವತ್ತಮೂರನ್ನೂ ತಿಕ್ಕಿ ತೊಳೆದು, ಒಂದೊಂದಕ್ಕೂ ವಿಭೂತಿಯ ಮೂರು ಗೆರೆ ಎಳೆದು ಸಾಲಾಗಿ ಮಲಗಿಸಿದ್ದರು. ಒಂದು ಅಂಕಿಯೂ ಉಳಿದಿರಲಿಲ್ಲ.

"ಅವ್ವಾ, ನಾನು ಬರ್ದಿದ್ನಲ್ಲಾ!"

"ಏನ್ ಬರ್ದಿದ್ದಪ್ಪ? ಗೋಡೆಗೆ ಬಳ್ದಂಗೆ ಸುಣ್ಣ ಬಳ್ದಿದ್ರು ಯಾರೋ. ಹೊಸ ಕಬ್ಬಿಣ ಮೈ ತೊಳೀದೆ ಗೇಯ್ಮೆಗೆ ಇಳೀತದಾ? ಜಿಡ್ಡು ನೋಡು ಎಷ್ಟ್ ಬಂತು ಅಂತ." ಕರಿಜಿಡ್ಡು ತೇಲುವ ಹಂಡೆಯನ್ನು ತೋರಿಸಿದರು.

ಅವರ ಮೇಲೆ ಸಿಟ್ಟು ಮಾಡುವುದು ಸಾಧ್ಯವಿರಲಿಲ್ಲ. ಆ ಮನೆಯಲ್ಲಿ ನೇಗಿಲ ಕುಳವೂ ಹಾಗೆ ತೊಳೆಯದೆ ಹೊಲಕ್ಕೆ ಹೋದದ್ದಿಲ್ಲ. ಭಾವ ಮಾತ್ರ ಕಬ್ಬಿನ ರಾಶಿಯ ಸುತ್ತ ಎರಡು ಸುತ್ತು ಹಾಕಿ, ಒಂದು ಜಲ್ಲೆ ಮುರಿದು ಮೂಸಿ ನೋಡಿದರು. ಅಕ್ಕ ಆಚಾರ್ರನ್ನು ಕರೆತರಲು ಆಳನ್ನು ಓಡಿಸಿದಳು.

ಆಚಾರ್ರು ಊರ ಕಮ್ಮಾರರು. ಅರವತ್ತು ದಾಟಿದವರು, ಕನ್ನಡದಲ್ಲೂ ಒಂದಕ್ಷರ ಓದಿದವರಲ್ಲ. ಬಂದವರೇ ಕುಕ್ಕರುಗಾಲಲ್ಲಿ ಕೂತು ಅರ್ಧ ಗಳಿಗೆ ನೋಡಿದರು. ನಾನು ಒಂದನ್ನು ಎತ್ತಿ, "ಈ ತುಂಡು ಎಲ್ಲಿಗೆ ಆಚಾರ್ರೇ?" ಎಂದೆ.

"ತುಂಡು ಅನ್ನಬ್ಯಾಡ್ರಿ ಮೇಷ್ಟ್ರೇ. ಮುರಿದಿದ್ದು ತುಂಡು. ಇದೇನ್ ಮುರ್ದೈತಾ? ಕೂಡಾಕೆ ಬಂದೈತೆ." ಆಮೇಲೆ ಅವ್ವನ ಕಡೆ ತಿರುಗಿ, "ತೊಳ್ದಿದ್ದು ಒಳ್ಳೇದಾತು ನೋಡಮ್ಮ," ಎಂದರು.

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅವರು ನನ್ನ ಕೈ ಹಿಡಿದು ಕಬ್ಬಿಣದ ಮೇಲೆ ಆಡಿಸಿದರು. ಮೈಯೆಲ್ಲ ಒರಟು, ಒಂದು ಕಡೆ ಮಾತ್ರ ಕನ್ನಡಿಯ ನುಣುಪು. "ಎಲ್ಲಿ ಮಿಂಚ್ತದೋ ಅಲ್ಲಿ ಇನ್ನೊಂದು ಬಂದು ಕೂರ್ತದೆ. ಜಿಡ್ಡಿದ್ದಾಗ ಇದು ಕಾಣ್ತಿತ್ತಾ?"

ಹಿಂದಿನ ದಿನ ಇಡೀ ಮಧ್ಯಾಹ್ನ ನಾನು ಆ ಜಿಡ್ಡಿನ ಮೇಲೆಯೇ ಅಂಕಿ ಬರೆದಿದ್ದೆ.

"ಹೊರೋವು ಈ ಕಡೆ. ತಿರುಗೋವು ಆ ಕಡೆ. ಹಿಡಿಯೋವು ನಡುವೆ ಇಡ್ರಿ," ಎಂದರು. ಇಟ್ಟೆವು. ಎಣಿಸಿದೆ: ಹೊರುವವು ಎಂಟು, ತಿರುಗುವವು ಹನ್ನೊಂದು, ಹಿಡಿಯುವವು ಇಪ್ಪತ್ತನಾಲ್ಕು. ಬಳಿಕ ಮಿಂಚಿಗೆ ಮಿಂಚು ಕೂಡಿಸುತ್ತ ಹೋದೆವು. ಭಾವ ಎತ್ತಿ ಕೊಡುವುದು, ಆಚಾರ್ರು ಕೂರಿಸುವುದು, ನಾನು ತಿರುಪು ಬಿಗಿಯುವುದು. ಮೂರೂ ಇಪ್ಪತ್ತಕ್ಕೆ ಗಾಣ ನೆಟ್ಟಗೆ ನಿಂತಿತು. ಎತ್ತು ಕಟ್ಟಿದರು. ಮೊದಲ ಜಲ್ಲೆ ಉರುಳೆಗಳ ನಡುವೆ ಹೋಗಿ ಸಿಪ್ಪೆಯಾಗಿ ಬಂತು, ಹಾಲು ಕೆಳಗಿನ ಕೊಡಕ್ಕೆ ಸುರಿಯಿತು. ಭಾವ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. "ಸಿಹಿ ಐತೆ," ಎಂದರು, ಎರಡು ಸಲ.

ನೆಲದ ಮೇಲೆ ಒಂದು ಉಳಿದಿತ್ತು. ಗೇಣುದ್ದ, ತುದಿ ಬಾಗಿದೆ, ಎರಡು ತೂತು. ಹಿಡಿಯುವ ಗುಂಪಿನದು.

"ಇದು ಮಿಕ್ಕೈತಲ್ಲ ಆಚಾರ್ರೇ?"

"ಇರ್ಲಿ ಬಿಡ್ರಿ. ಮನೇಲಿ ಒಬ್ಬ ಭಾವಮೈದ ಬಂದು ಕುಂತಿರಲ್ವಾ, ಹಂಗೆ."

ಬಾಗಿಲಲ್ಲಿದ್ದ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಭಾವ ಆ ಮಾತನ್ನು ಇಂದಿಗೂ ಬಿಟ್ಟಿಲ್ಲ.

ಮಾರನೆಯ ದಿನ ಕೊಪ್ಪರಿಗೆ ಕುದಿಯುತ್ತಿದ್ದಾಗ ಕಾಗದವನ್ನು ಮತ್ತೆ ಬಿಡಿಸಿದೆ. ಅದರಲ್ಲಿ ಮೆಂಬರ್ ಎಂದಿದ್ದವು ಸರಿಯಾಗಿ ಎಂಟು: ಆಚಾರ್ರ ಹೊರುವವು. ಫಿಟ್ಟಿಂಗ್ ಎಂದಿದ್ದವು ಇಪ್ಪತ್ತನಾಲ್ಕು: ಅವರ ಹಿಡಿಯುವವು. ಸೆಕ್ಷನ್ ಎಂದರೆ, ಎರಡು ಕೂಡಿದರೆ ಒಂದು ತಟ್ಟೆಯಾಗುತ್ತಿದ್ದ ಅರ್ಧಗಳು. ಪೋರ್ಷನ್ ಬಿಡಿಯಾದ ವಸ್ತುವೇ ಅಲ್ಲ. ಕಂಬದಲ್ಲಿ ಎಣ್ಣೆ ಹಚ್ಚಬೇಕಾದ ಕೆಳಗಿನಷ್ಟು ಜಾಗ. ಪೀಸ್ ಎಣಿಸುವಾಗಿನ ಮಾತು. ಇಷ್ಟನ್ನೂ ನನಗೆ ಕಲಿಸಿದವರು ಇಂಗ್ಲಿಷು ಬಾರದ ಇಬ್ಬರು. ಒಬ್ಬರು ನನ್ನ ಅಂಕಿಗಳನ್ನು ಅಳಿಸಿದರು, ಇನ್ನೊಬ್ಬರು ನನ್ನ ಕೈಯನ್ನು ಮಿಂಚಿನ ಮೇಲೆ ಇಟ್ಟರು. ದಿನಚರಿಯ ಆ ದಿನದ ಪುಟದಲ್ಲಿ ಕಲಿತ ಮಾತು ಐದು ಎಂದೇ ಇದೆ. ಅವರಿಬ್ಬರಿಗೆ ನಾನು ಮಾಡಿದ ನಮಸ್ಕಾರಕ್ಕೆ ಕಾಲಂ ಇರಲಿಲ್ಲ, ಅಂಚಿನಲ್ಲಿ ಬರೆದಿದ್ದೇನೆ.

ಬೆಲ್ಲ ನಿಂತಿತು. ಬಣ್ಣ ಸ್ವಲ್ಪ ಕಪ್ಪು. ಒಂದು ದಿನ ತಡವಾದದ್ದರ ಗುರುತು. ಅವ್ವ ಮೊದಲ ಅಚ್ಚನ್ನು ಆಚಾರ್ರ ಮನೆಗೆ ಕಳಿಸಿದರು, ಎರಡನೆಯದನ್ನು ನನ್ನ ಚೀಲದಲ್ಲಿ ಇಟ್ಟರು.

ಪಾರ್ಟ್‌ಗೂ ಕಾಂಪೊನೆಂಟ್‌ಗೂ ಏನು ವ್ಯತ್ಯಾಸವೆಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಆ ಬಾಗಿದ ಕಬ್ಬಿಣವೂ ಅಕ್ಕನ ಮನೆಯ ಗೂಟಕ್ಕೆ ತೂಗುಬಿದ್ದಿದೆ, ಗಾಣ ಎರಡನೆಯ ಬೆಳೆಯನ್ನು ಅರೆಯುತ್ತಿದೆ. ಮೂರು ಉರುಳೆಯ ಇಂಥ ಗಾಣ ನಿಮ್ಮ ಕಡೆ ಇದ್ದು, ಗೇಣುದ್ದದ ಎರಡು ತೂತಿನ ಕೊಂಡಿ ಅದರಲ್ಲಿ ಎಲ್ಲಿ ಕೂರುತ್ತದೆಂದು ಬಲ್ಲವರು ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಒಂದು ಕಾರ್ಡು ಬರೆಯಬೇಕು. ನಿಮ್ಮೂರಿನ ಕಮ್ಮಾರರು ಅದನ್ನು ಏನೆಂದು ಕರೆಯುತ್ತಾರೆಂಬುದನ್ನೂ ಸೇರಿಸಿದರೆ ಉಪಕಾರ.