ಕಾಗೆ ಕೂರಿಸಿದ ಸಂಜೀವಣ್ಣ

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಪಂಥ ಕಟ್ಟಿ. ನಮ್ಮ ಸಂಜೀವಣ್ಣ ಸಿನಿಮಾವನ್ನು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದರು. ಟಿಕೆಟ್ ತೆಗೆದು, ಸಾಲಿನಲ್ಲಿ ಕೂತವರೆಲ್ಲರ ಕಾಲು ತುಳಿದು, ನಟ್ಟನಡುವಿನ ಸೀಟು ಹಿಡಿದು ಕಣ್ಣು ಮುಚ್ಚಿದರೆ, ಕೊನೆಯಲ್ಲಿ ಹೆಸರುಗಳು ಬರುವಾಗಲೇ ತೆರೆಯುವುದು. ನಾಯಕಿ ಬಾವಿಗೆ ಹಾರಿ, ಟಾಕೀಸಿನ ತುಂಬ ಜನ ಮೂಗು ಒರೆಸಿಕೊಳ್ಳುತ್ತಿದ್ದರೆ ಇವರು ನನ್ನ ಪಕ್ಕೆಗೆ ತಿವಿದು, “ತಗಡು ಮಾರಾಯ, ಎರಡನೇ ಅವತಾರ,” ಎನ್ನುವರು.

ತಗಡು ಎಂದದ್ದು ನಾಯಕಿಗಲ್ಲ, ಸಾಫ್ಟ್‌ವೇರಿಗೆ; ಅವತಾರವೆಂದರೆ ಅದರ ಆವೃತ್ತಿ. ದನಿಗೆ ಪ್ರತಿಧ್ವನಿ ಕೂಡಿಸಲು, ಗಾಳಿಯ ಸದ್ದು ತೆಗೆಯಲು ಹಿಂದಿನ ಕಂಪ್ಯೂಟರುಗಳಲ್ಲಿ ಇದ್ದ ಸಾಫ್ಟ್‌ವೇರುಗಳನ್ನು ಅವರು ಕಿವಿಯಲ್ಲೇ ಗುರುತು ಹಿಡಿಯುತ್ತಿದ್ದರು. ಕಂಪನಿ ಇಟ್ಟ ಹೆಸರು ಮಾತ್ರ ಅವರಿಗೆ ರುಚಿಸುತ್ತಿರಲಿಲ್ಲ. ಪ್ರತಿಧ್ವನಿಯ ಬಾಲ ಗುಂಯ್‌ಗುಟ್ಟಿದರೆ ಅದು ತಗಡು. ದನಿಗೆ ಮುಸುಕು ಹಾಕಿದಂತಾದರೆ ಗೋಣಿಚೀಲ. ಗಾಳಿ ತೆಗೆಯಲು ಹೋಗಿ ಎಣ್ಣೆಯ ಚುರುಚುರು ಉಳಿಸಿದರೆ ಹಪ್ಪಳ. ಉಡುಪಿ ಕಡೆಯವರು, ಅಣ್ಣನ ಹೋಟೆಲು ಬೈಕುಲ್ಲಾದಲ್ಲಿ. ಅವರಿಗೆ ಇಡೀ ಜಗತ್ತು ಅಡುಗೆಮನೆಯ ಹಾಗೆಯೇ ಕೇಳಿಸುತ್ತಿತ್ತು. ಕಾಂದಿವಲಿಯ ಮನೆಯಲ್ಲಿ ಅವರ ಹೆಂಡತಿ, ನಮ್ಮ ಅತ್ತಿಗೆ, ಪಾಪ, ಧಾರಾವಾಹಿಗಳನ್ನು ಸದ್ದು ಆರಿಸಿಯೇ ನೋಡಲು ಕಲಿತಿದ್ದರು. ಸದ್ದು ಹಾಕಿದರೆ ಪರದೆಯ ಮೇಲೆ ಸೊಸೆ ಅಳುವುದಕ್ಕಿಂತ ಜೋರಾಗಿ ಪಕ್ಕದಲ್ಲಿ ಗಂಡನ ವಿಮರ್ಶೆ.

ನಾನೇನು ಕಡಿಮೆಯವನಲ್ಲ. ಸಿನಿಮಾಕ್ಕೆ ಹೆಜ್ಜೆ ಸದ್ದು ಮಾಡಿಕೊಡುವುದು ನನ್ನ ಕಸುಬು. ಒಂದು ಕಾಲದಲ್ಲಿ ಹಿಂದಿ ನಾಯಕಿಯರು ಗೆಜ್ಜೆ ಕಟ್ಟಿ ನಡೆದದ್ದೆಲ್ಲ ನನ್ನ ಈ ರೋಮದ ಕಾಲಿನಲ್ಲಿ. ಸಂಜೀವಣ್ಣನ ಕಿವಿಯ ಸೊಕ್ಕು ಮುರಿಯಬೇಕೆಂದು ಒಮ್ಮೆ ಅವರ ಅಣ್ಣನ ಹೋಟೆಲಿಗೇ ಹೋಗಿ, ಸಾಂಬಾರಿನ ದೊಡ್ಡ ಪಾತ್ರೆಯೊಳಗೆ ತಲೆ ತೂರಿಸಿ “ಬಚಾವ್” ಎಂದು ಕೂಗಿ ರೆಕಾರ್ಡ್ ಮಾಡಿಕೊಂಡು ಬಂದೆ. ಅಮೆರಿಕದ ಅಪರೂಪದ ಸಾಫ್ಟ್‌ವೇರ್ ಎಂದು ಬಹಳ ಗಂಭೀರವಾಗಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹಾಕಲು ಹೇಳಿದರು.

“ಇದು ಸಾಫ್ಟ್‌ವೇರ್ ಅಲ್ಲ, ಪಾತ್ರೆ. ತೊಳ್ದಿಲ್ಲ. ಅಡಿಯಲ್ಲಿ ಸಾಂಬಾರು ಉಂಟು.”

ಇತ್ತು. ನನ್ನ ಕೂದಲಿನಲ್ಲೂ ಇತ್ತು.

ಇಂಥ ಕಿವಿಯವರ ಹೆಸರು ಒಂದೇ ಒಂದು ಸಿನಿಮಾದ ಪರದೆಯ ಮೇಲೂ ಬಂದಿರಲಿಲ್ಲ. ಅವರು ದುಡಿದ ಅಂಧೇರಿಯ ಸ್ಟುಡಿಯೊದಲ್ಲಿ ಸದ್ದು ಕೂಡಿಸುವ ಕೆಲಸ ಇವರದು, ಹೆಸರು ಮಾಲೀಕನದು. ಬಹಳ ನ್ಯಾಯವಾದ ಹಂಚಿಕೆ. ಅದಕ್ಕೇ ರಿಟೈರಾದ ಮೇಲೂ ಕೊನೆಯ ಹೆಸರುಗಳನ್ನು ಚಹಾ ಕೊಟ್ಟವರ ತನಕ ಓದದೆ ಸೀಟು ಬಿಡುತ್ತಿರಲಿಲ್ಲ.

ಹೋದ ವರ್ಷ, ಆ ಸ್ಟುಡಿಯೊದಲ್ಲೇ ತಯಾರಾಗಿದ್ದ ಹಳೆಯ ಭೂತದ ಸಿನಿಮಾವೊಂದನ್ನು ತೊಳೆದು ಬಳಿದು ಮತ್ತೆ ಬಿಡುಗಡೆ ಮಾಡಲು ಅದರ ನಿರ್ಮಾಪಕರ ಮಗ ಹೊರಟ. ಶುಚಿಪ್ರಿಯ ಮನುಷ್ಯ. ಆ ಸಿನಿಮಾದಲ್ಲೋ ಕಾಗೆಗಳ ಕೂಗಿನ ಕಾಟ: ಅರಮನೆಯೊಳಗೆ ಕಾಗೆ, ಮಂಚದ ಪಕ್ಕ ಕಾಗೆ, ನಡುಸಮುದ್ರದ ದೋಣಿಯಲ್ಲೂ ಕಾಗೆ. ಹೊಸ ಕಂಪ್ಯೂಟರಿಗೆ ಹೇಳಿ ಎಲ್ಲವನ್ನೂ ಗುಡಿಸಿ ಹಾಕಿಸಿದ. ಕಾಗೆಯ ಕೂಗು ಹೋಯಿತು, ಪ್ರತಿಯೊಂದರ ಜಾಗದಲ್ಲೂ ‘ಟಿಕ್’ ಎಂಬ ಸದ್ದು ಬಂತು. ಭೂತ ಬಾಯಿ ತೆರೆದರೆ ಟಿಕ್. ರೀಲು ಹಾಳೆಂದರು, ಸ್ಪೀಕರು ಹಾಳೆಂದರು, ಕೊನೆಗೆ ದಾರಿ ಕಾಣದೆ ಸಂಜೀವಣ್ಣನನ್ನು ಕರೆಸಿದರು. ನನ್ನನ್ನು ಕರೆಯಲಿಲ್ಲ, ಆದ್ದರಿಂದ ನಾನೂ ಹೋದೆ.

ಸ್ವಲ್ಪ ಹೊತ್ತು ಕೇಳಿದ ಮೇಲೆ ಸಂಜೀವಣ್ಣ ಕಣ್ಣು ಮುಚ್ಚಿದ್ದಂತೆಯೇ ಮೇಜಿನ ಮೇಲೆ ಬೆರಳು ಕುಟ್ಟತೊಡಗಿದರು. ಪ್ರತಿ ಟಿಕ್‌ಗೂ ಕೂದಲೆಳೆಯಷ್ಟು ಮೊದಲೇ ಬೆರಳು ಬೀಳುತ್ತಿತ್ತು. ನಿರ್ಮಾಪಕರ ಮಗ ಪರದೆ ಬಿಟ್ಟು ಆ ಬೆರಳನ್ನೇ ನೋಡತೊಡಗಿದ.

“ತಗಡಿನ ಡೆಮೊ ಕಾಪಿ,” ಎಂದರು ಸಂಜೀವಣ್ಣ.

ವಿಷಯ ಇಷ್ಟೇ. ಸ್ಟುಡಿಯೊ ಮಾಲೀಕ ಸಾಫ್ಟ್‌ವೇರ್ ಕೊಳ್ಳದೆ, ಕಂಪನಿ ಪುಕ್ಕಟೆ ಹಂಚಿದ ನಮೂನೆಯಲ್ಲೇ ಸಿನಿಮಾ ಮುಗಿಸಿದ್ದ. ಹಾಗೆ ಯಾರೂ ಮಾಡಬಾರದೆಂದು ಕಂಪನಿಯವರು ಅದರಲ್ಲಿ ಇಷ್ಟಿಷ್ಟು ಹೊತ್ತಿಗೊಂದು ಟಿಕ್ ಬರುವಂತೆ ಮಾಡಿದ್ದರು. ಆ ಟಿಕ್ ಕೇಳಿಸದಿರಲೆಂದು ಪ್ರತಿಯೊಂದರ ಮೇಲೂ ಸಂಜೀವಣ್ಣ ಒಂದೊಂದು ಕಾಗೆ ಕೂರಿಸಿದ್ದರು. ಕಾಗೆಯೇ ಯಾಕೆ ಎಂದು ನಿರ್ಮಾಪಕರ ಮಗ ಕೇಳಿದ.

“ಕಿಟಕಿ ತೆಗೆದ್ರೆ ಸಿಗ್ತದೆ. ನವಿಲು ಹುಡುಕ್ಲಿಕ್ಕೆ ಮಾಲೀಕರು ರಜೆ ಕೊಡ್ತಿದ್ರಾ?”

ಕಾಗೆಗಳನ್ನೆಲ್ಲ ವಾಪಸು ಕರೆಸುವುದೆಂದು ತೀರ್ಮಾನವಾಯಿತು. ಇಷ್ಟಕ್ಕೆ ಏನು ಕೊಡಬೇಕೆಂದು ಅವನು ಕೇಳಿದಾಗ ಸಂಜೀವಣ್ಣ ಕಣ್ಣು ತೆರೆದರು.

“ಹೆಸರು ಹಾಕಿ. ಸಣ್ಣದಾದ್ರೂ ಅಡ್ಡಿಲ್ಲ.”

ಅವರು ಯಾರನ್ನಾದರೂ ಏನಾದರೂ ಬೇಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವನು ಎದೆ ಮುಟ್ಟಿಕೊಂಡು “ಪಕ್ಕಾ, ಅಂಕಲ್,” ಎಂದ.

ಸಿನಿಮಾ ಬರುವ ಹೊತ್ತಿಗೆ ಸಂಜೀವಣ್ಣ ಹಾಸಿಗೆ ಹಿಡಿದಿದ್ದರು. ನಾನೊಬ್ಬನೇ ಹೋದೆ. ಮೊದಲಿಗೆ ಖಾದಿ ಜುಬ್ಬಾದ ವಿದ್ವಾಂಸರೊಬ್ಬರು ವೇದಿಕೆ ಹತ್ತಿ, ಈ ಕಾಗೆಗಳು ತೃಪ್ತಿ ಕಾಣದ ಪಿತೃಗಳ ಸಂಕೇತವೆಂದು ದೀರ್ಘವಾಗಿ ವಿವರಿಸಿದರು. ಪಿಂಡ ಇಡುವುದೊಂದು ಬಾಕಿ. ಸಿನಿಮಾ ಮುಗಿದು ಹೆಸರುಗಳು ಶುರುವಾದದ್ದೇ ಜನ ಎದ್ದರು. ನಾನು ಸೀಟಿನ ಮೇಲೆ ಹತ್ತಿ, ದುಬಾರಿ ಫೋನೊಂದು ಸಿಕ್ಕಿದೆ, ಯಾರದು ಎಂದು ಹಿಂದಿಯಲ್ಲಿ ಅರಚಿದೆ. ಇಡೀ ಟಾಕೀಸು ಮತ್ತೆ ಕೂತು ಜೇಬು, ಚೀಲ, ಸೀಟಿನ ಸಂದು ತಡಕಾಡಿತು. ಅಷ್ಟು ಜನರ ಎದುರಿಗೇ ಹೆಸರು ಬಂತು. ಡ್ರೈವರುಗಳ ಹೆಸರಾದ ಮೇಲೆ, ಒಂಟಿಯಾಗಿ, ಬಿಳಿ ಅಕ್ಷರದಲ್ಲಿ.

ಅಲ್ಲಿಂದ ನೇರ ಲೋಕಲ್ ರೈಲು ಹಿಡಿದು ಕಾಂದಿವಲಿಗೆ ಹೋಗಿ ಎಲ್ಲ ವರದಿ ಒಪ್ಪಿಸಿದೆ. ಫೋನಿನ ಕಥೆಗೆ ಅತ್ತಿಗೆ ನಕ್ಕರು. ಸಂಜೀವಣ್ಣ ನಗಲಿಲ್ಲ.

“ಯಾರ ಕೆಳಗೆ ಬಂತು?”

“ಡ್ರೈವರುಗಳ ಕೆಳಗ್ರೀ, ಅಣ್ಣಾ.”

“ಹಾಗಾದ್ರೆ ನಿಜ. ನಮ್ಮಂಥವರನ್ನು ಅಲ್ಲೇ ಹಾಕುದು.”

ಅಷ್ಟು ಹೇಳಿ ಗೋಡೆಯ ಕಡೆ ಮಗ್ಗುಲಾದರು. ಅದೇ ವಾರ ಹೋಗಿಬಿಟ್ಟರು.

ಇದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ ಒಂದು. ಪಾತ್ರೆ ನಿಜ, ಕಾಗೆ ನಿಜ, ಜನ ಕೂತು ಜೇಬು ತಡಕಿದ್ದೂ ನಿಜ. ಡ್ರೈವರುಗಳ ಹೆಸರಾದ ಮೇಲೆ ಪರದೆಯ ಮೇಲೆ ಏನೂ ಬರಲಿಲ್ಲ.