ಮುತ್ತಲ ಗಿಡ ಸತ್ತಿರಲಿಲ್ಲ

ಕಲ್ಲೋಳಿ ಹತ್ತಿರದ ಒಂದು ಅಂಗನವಾಡಿಯಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳನ್ನು ಸಂಭಾಳಿಸಿದ ಯಲ್ಲಕ್ಕನಿಗೆ ತನ್ನದು ಅಂತ ಇದ್ದದ್ದು ರವಿವಾರದ ಬೆಳಗು ಮಾತ್ರ. ಸಕ್ಕರೆ ಕಾಯಿಲೆಗೆ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರಿಂದ ಕಾಲುವೆ ದಂಡೆ ಹಿಡಿದಳು. ಸುಮ್ಮನೆ ನಡೆಯುವುದು ಬೇಸರವೆನಿಸಿ, ದಾರಿಯಲ್ಲಿದ್ದ ಒಂದು ಮುತ್ತಲ ಗಿಡದ ಫೋಟೋ ತೆಗೆದಳು. ಮುಂದಿನ ವಾರ ಅದೇ ಜಾಗದಲ್ಲಿ ನಿಂತು ಇನ್ನೊಂದು. ಹಾಗೇ ಎರಡು ವರ್ಷ ಕಳೆಯಿತು.

ಗಂಡ ಮಾಲಿಂಗಪ್ಪನಿಗೆ ಇದು ಅರ್ಥವೇ ಆಗಲಿಲ್ಲ.

“ಹ್ವಾದ ವಾರ ತಗದಿದ್ದಿ, ಅದs ಗಿಡ ಅಲ್ಲೇನ?”

“ಹ್ವಾದ ವಾರ ಎಲಿ ಹಸರ ಇದ್ದುವು. ಈಗ ನೋಡ್ರಿ, ಅಂಚು ಹಳದಿ ಆಗ್ಯಾವು.”

“ಎಲಿ ಹಳದಿ ಆಗೂದು ನೋಡಾಕ ಮುಂಜಾನೆ ಚಾ ಬಿಟ್ಟು ಹೋಗ್ತೀಯಲಾ!”

ಅವಳು ವಾದ ಮಾಡುವುದನ್ನು ಬಿಟ್ಟಳು. ಫೋಟೋಗಳನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದಳು. ಹೂ ಬಿಟ್ಟ ಚಿತ್ರಕ್ಕೆ ಯಾರಾದರೂ ಕೈ ಮುಗಿದ ಗುರುತು ಹಾಕುತ್ತಿದ್ದರು. ಎಲೆ ಉದುರಿದ ಚಿತ್ರವನ್ನು ಯಾರೂ ನೋಡುವುದಿಲ್ಲ ಎಂದುಕೊಂಡಿದ್ದಳು. ಆದರೆ ಒಬ್ಬ ನೋಡಿದ್ದ.

ಉಮೇಶ ಕಬ್ಬು ಸಾಗಿಸುವ ಟ್ರ್ಯಾಕ್ಟರಿನವನು. ಆ ಗಿಡದ ಕೆಳಟೊಂಗೆ ಅವನ ಹೇರಿಗೆ ತಾಗುತ್ತಿತ್ತು. ಜನವರಿಯಲ್ಲಿ ಯಲ್ಲಕ್ಕ ಹಾಕಿದ ಬೋಳು ಗಿಡದ ಫೋಟೋವನ್ನೇ ಲಗತ್ತಿಸಿ, ‘ಗಿಡ ಒಣಗಿ ಸತ್ತಿದೆ, ಬಿದ್ದರೆ ಅಪಾಯ’ ಎಂದು ಅರಣ್ಯ ಇಲಾಖೆಗೆ ಅರ್ಜಿ ಬರೆದ. ಕಡಿಯಲು ಒಪ್ಪಿಗೆಯೂ ಸಿಕ್ಕಿತು. ಸುದ್ದಿ ತಿಳಿದ ಯಲ್ಲಕ್ಕ ಶುಕ್ರವಾರ ರಜೆ ಹಾಕಿ, ಬಸ್ಸು ಹಿಡಿದು ಕಚೇರಿಗೆ ಹೋದಳು.

ಅಲ್ಲಿದ್ದ ಸಾಹೇಬರು ಕಡತ ತೆರೆದರು. “ಫೋಟೋದಾಗ ಒಂದೂ ಎಲಿ ಇಲ್ಲಲ್ರೀ ಅಕ್ಕಾರ. ತಗದವ್ರು ನೀವs ಅಂತ.”

“ಈ ದಿನದಾಗ ಮುತ್ತಲ ಗಿಡಕ್ಕ ಎಲಿ ಇರೂದs ಇಲ್ರೀ ಸಾಹೇಬ್ರ. ಎಲಿ ಉದರಿದ ಮ್ಯಾಲೆ ಹೂ ಬರ್ತಾವು. ಇಲ್ಲಿ ನೋಡ್ರಿ, ಹ್ವಾದ ವರ್ಷದ್ದು.” ಅವಳು ಮೊಬೈಲಿನಲ್ಲಿ ಒಂದೊಂದೇ ಚಿತ್ರ ಸರಿಸಿದಳು. ಅವರು ಮೂರನೆಯದಕ್ಕೇ ಕಣ್ಣು ಬೇರೆಡೆ ಹೊರಳಿಸಿದರು.

“ಇದನ್ನೆಲ್ಲ ಬರದು ಕೊಡ್ರಿ. ಸೋಮವಾರ ನೋಡೋಣು.”

ಬರೆದು ಕೊಟ್ಟಳು. ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಸಿಟ್ಟಿನಿಂದ ತಲೆ ಸಿಡಿಯುತ್ತಿತ್ತು. ನೂರು ಫೋಟೋ ತೆಗೆದವಳ ಮಾತು ಯಾರಿಗೂ ಬೇಡ. ಅವಳದೇ ಒಂದು ಫೋಟೋ ಎಲ್ಲರಿಗೂ ಸಾಕ್ಷಿ.

ರವಿವಾರ ಕಾಲುವೆ ತಿರುವಿನಲ್ಲಿ ಗರಗಸದ ಮಷೀನಿನ ಸದ್ದು ಕೇಳಿ ಓಡಿದಳು. ಕೆಳಟೊಂಗೆ ಆಗಲೇ ಬಿದ್ದಿತ್ತು. ಗಿಡ ಕಡಿಯುವ ಹೊಳೆಪ್ಪ ಬುಡಕ್ಕೆ ಮಷೀನು ಹಿಡಿಯುವುದರಲ್ಲಿದ್ದ. ಬಾಜೂ ಉಮೇಶ ನಿಂತಿದ್ದ.

“ಹೊಳೆಪ್ಪಾ, ನಿಲ್ಲಸೋ! ಕಡದ ಜಾಗಾ ನೋಡು!”

ಟೊಂಗೆ ಕಡಿದಲ್ಲಿ ಕೆಂಪು ರಸ ಜಿನುಗುತ್ತಿತ್ತು. ಹೊಳೆಪ್ಪ ಬೆರಳಿನಿಂದ ಮುಟ್ಟಿ ನೋಡಿದ. ಬಿದ್ದ ಟೊಂಗೆಯ ತುದಿಯಲ್ಲಿ ಕಂದು ಬಣ್ಣದ ಮೊಗ್ಗುಗಳು ಗೊಂಚಲುಗಟ್ಟಿದ್ದವು. ಅವನು ಮಷೀನು ಬಂದ್ ಮಾಡಿದ.

“ಸತ್ತೈತಿ ಅಂದಿದ್ಯಲ್ಲೋ ಉಮೇಶಾ? ಹಸೀ ಗಿಡಾ ಕಡ್ಯಾಕ ನಾ ಒಲ್ಲೆಪಾ.”

ಯಲ್ಲಕ್ಕ ಉಮೇಶನ ಕಡೆ ತಿರುಗಿದಳು. “ಟೊಂಗಿ ತಾಗತೈತಿ ಅಂತ ಖರೆ ಹೇಳಿದ್ರ, ಅದೊಂದs ಕಡಸಾಕ ನಾನs ಸಹಿ ಹಾಕ್ತಿದ್ನಿ. ಸತ್ತೈತಿ ಅಂತ ಯಾಕ ಬರದಿ?”

ಉಮೇಶ ನೆಲ ನೋಡಿದ. “ಹಂಗ ಬರದ್ರ ಜಲ್ದಿ ಆಗ್ತೈತಿ ಅಂತ ಕಚೇರ್ಯಾಗಿನವ್ರs ಅಂದ್ರು, ಅಕ್ಕಾರ.”

ಯಲ್ಲಕ್ಕ ಕಡಿದ ಟೊಂಗೆಯ ಮೇಲೇ ಕುಳಿತು ಉಸಿರು ತೆಗೆದುಕೊಂಡಳು.

ಹೊಳೆಪ್ಪ ಮಷೀನು ಹೊತ್ತು ಹೋದ. ತಾಗುವ ಟೊಂಗೆ ಹೋಗಿದ್ದರಿಂದ ಉಮೇಶನೂ ಮತ್ತೆ ಕಡಿಸಲು ಹೋಗಲಿಲ್ಲ, ಗಿಡ ಉಳಿಯಿತು. ಮೂರು ವಾರಕ್ಕೆ ಗಿಡ ಒಂದು ಬದಿ ಬೋಳಾಗಿ, ಉಳಿದ ಕಡೆಯೆಲ್ಲ ಕೆಂಡದಂತೆ ಹೂಬಿಟ್ಟಿತು. ಯಲ್ಲಕ್ಕ ಈ ಸಲ ಫೋಟೋದ ಕೆಳಗೆ ತಾರೀಖು ಬರೆದು, ‘ಈ ಗಿಡ ಬದುಕಿದೆ’ ಎಂದೂ ಸೇರಿಸಿ ಗುಂಪಿಗೆ ಹಾಕಿದಳು. ಮೊದಲು ಕೈ ಮುಗಿದವನು ಉಮೇಶ. ಅದನ್ನು ನೋಡಿ ಅವಳಿಗೆ ಮತ್ತೆ ಮೈ ಉರಿಯಿತು.

ಈಗ ಸುತ್ತಲಿನ ಹಳ್ಳಿಯವರು ತಮ್ಮ ಹೊಲದ ಬೋಳು ಗಿಡಗಳ ಫೋಟೋ ಕಳಿಸಿ, “ಇದು ಸತ್ತೈತೇನ್ರಿ ಅಕ್ಕಾರ?” ಎಂದು ಕೇಳುತ್ತಾರೆ. ಅರ್ಧ ಫೋಟೋಗಳಲ್ಲಿ ಅವರವರ ಮುಖವೇ ಕಾಣುತ್ತದೆ. “ನೀವು ಬಾಜೂ ಸರದು ಗಿಡದ್ದ ಫೋಟೋ ಕಳಸ್ರಿ” ಎಂದು ಎಲ್ಲರಿಗೂ ಬರೆದು ಬರೆದು ಅವಳ ಹೆಬ್ಬೆರಳು ನೋಯುತ್ತಿದೆ.