ಸೋಮಲಿಂಗನ ಮಗ್ಗದ ಮನೆ ಗೋಡೆ

ಹುನಗುಂದದ ಶಿವಗಂಗಾ, ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಲೇ ಓದಿ ಆರ್ಕಿಟೆಕ್ಟ್ ಆದವಳು. ಹೊಸ ಮನೆ ಕಟ್ಟಿಸುವವರನ್ನು ಬೇರೆಯವರ ಬಳಿ ಕಳಿಸಿ, ಹಳೆಯ ಮನೆಗಳನ್ನಷ್ಟೇ ಕೈಗೆತ್ತಿಕೊಳ್ಳುತ್ತಿದ್ದಳು.

ಗುಳೇದಗುಡ್ಡದಲ್ಲಿ ನೇಕಾರ ಸೋಮಲಿಂಗನ ಮನೆಯ ಮಣ್ಣಿನ ಗೋಡೆ ಹಸಿ ಹಿಡಿದಿತ್ತು. ನೋಡಲು ಅವನು ಶಿವಗಂಗಾಳನ್ನೂ ಒಬ್ಬ ಗುತ್ತಿಗೆದಾರನನ್ನೂ ಕರೆಸಿದ್ದ.

"ಕೆಡವೂದ ಚಲೋ. ಓದಿದೋರಿಗೆ ಗ್ವಾಡಿ ಸಂಕಟ ಏನ್ ತಿಳಿತೈತ್ರಿ?" ಎಂದು ಗುತ್ತಿಗೆದಾರ ನಕ್ಕ.

ಶಿವಗಂಗಾ ದುಪಟ್ಟಾ ಸೊಂಟಕ್ಕೆ ಬಿಗಿದು, ಉಳಿ ಸುತ್ತಿಗೆ ಹಿಡಿದು ಗೋಡೆಗೆ ಬಳಿದಿದ್ದ ಸಿಮೆಂಟ್ ಗಿಲಾವು ಕಿತ್ತಳು. ಮಣ್ಣು ಒದ್ದೆಯಾಗಿತ್ತು, ಗೋಡೆ ಮಾತ್ರ ಗಟ್ಟಿ.

"ಮಣ್ಣಿನ ಗ್ವಾಡಿಗೆ ಸಿಮೆಂಟ್ ಬಳದ್ರ ಒಳಗಿನ ಹಸಿ ಹೊರಗ ಬರೂದಿಲ್ರಿ. ಮಣ್ಣ ಬಳೀರಿ, ಒಣಗ್ತೈತಿ."

"ಹಂಗಾರ ಸಿಮೆಂಟ್ ಬಳದ ಮಬ್ಬ ಯಾರು?" ಎಂದ ಗುತ್ತಿಗೆದಾರ.

"ನಾನ. ಹದಿನೆಂಟು ವರ್ಷದ ಹಿಂದ, ಇದ ಕೈಲೆ. ತಪ್ಪು ನಂದು, ಮನಿ ಯಾಕ ಬೀಳಬೇಕು?"